ಹನ್ನೆರಡಕ್ಕೆ ಹನ್ನೆರಡು

ಗದಗಿನ ಮನೆಯ ಪಡಸಾಲೆಯಲ್ಲಿ ಕಾಕಾ ತಮ್ಮ ಮೊಬೈಲನ್ನು ಆಕೆಯ ಮುಂದೆ ಹಿಡಿದರು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾಗಿದ್ದವರು. ಕನ್ನಡಕವನ್ನು ಹಣೆಗೇರಿಸಿ, ಪರದೆಯ ಮೇಲೆ ಎರಡು ಬೆರಳಿಟ್ಟು ಚಿತ್ರವನ್ನು ದೊಡ್ಡದು ಮಾಡಿದರು.

"ನೋಡವ್ವಾ ಇದನ್ನ. ಹನ್ನೆರಡು ಮಂದಿಗೆ ಕೊಟ್ಟಾರ, ಹನ್ನೆರಡು ಮಂದಿಗೂ ಗುಣ ಆಗೇತಿ. ಕೊಯ್ದಿಲ್ಲ, ಹೊಲಿದಿಲ್ಲ. ಮತ್ತ ನನಗ್ಯಾಕ ಆಪರೇಶನ್?"

ಆಕೆ ನೋಡಿದಳು. ದೊಡ್ಡ ಪರದೆಯೊಂದರ ಫೋಟೊ. ಕೆಳಗೆ ಯಾರೋ ಹಳದಿ ಅಕ್ಷರಗಳಲ್ಲಿ ಕನ್ನಡದ ಒಕ್ಕಣೆ ಸೇರಿಸಿದ್ದರು: ಕ್ಯಾನ್ಸರ್‌ಗೆ ಕೊನೆಗೂ ಮದ್ದು ಸಿಕ್ಕಿತು, ಎಲ್ಲರಿಗೂ ತಲುಪಿಸಿ. ತಲೆಯ ಮೇಲೆ ವಾಟ್ಸಾಪ್‌ನ ಜೋಡಿ ಬಾಣದ ಗುರುತು. ಬಲಗಡೆಯ ಮೂಲೆಯಲ್ಲಿ, ಮುಂದಿನ ಸಾಲಿನಲ್ಲಿ ಕುಳಿತವರಾರೋ ಎತ್ತಿ ಹಿಡಿದ ಫೋನು. ಆ ಫೋನಿನ ಪುಟ್ಟ ಪರದೆಯೊಳಗೆ ಅದೇ ಅಂಕಿ ಇನ್ನೊಮ್ಮೆ, ಚಿಕ್ಕದಾಗಿ. ಆ ಎರಡನೆಯ ಫೋನನ್ನು ಕಂಡಾಗ ಆಕೆಗೆ ಅನುಮಾನ ಉಳಿಯಲಿಲ್ಲ. ಚಿತ್ರ ತೆಗೆಯುವಾಗ ಅದೊಂದು ಅಡ್ಡ ಬಂತಲ್ಲ ಎಂದು ಆಕೆ ಬೇಸರಪಟ್ಟುಕೊಂಡಿದ್ದಳು. ಏಳು ವಾರಗಳ ಹಿಂದೆ ಶಿಕಾಗೋದಲ್ಲಿ ಕುಳಿತು ತಾನೇ ತೆಗೆದು ಕಳಿಸಿದ ಫೋಟೊ ಅದು.

2022ರ ಜೂನ್ 3ರಿಂದ 7ರವರೆಗೆ ಅಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘದ, ಎಲ್ಲರೂ 'ಆಸ್ಕೋ' ಎಂದು ಕರೆಯುವ, ವಾರ್ಷಿಕ ಸಮ್ಮೇಳನ ನಡೆದಿತ್ತು. ಹಿಂದಿನ ಎರಡು ವರ್ಷ ಕೋವಿಡ್‌ನಿಂದಾಗಿ ಎಲ್ಲವೂ ಕಂಪ್ಯೂಟರ್ ಪರದೆಯ ಮೇಲೆಯೇ ಮುಗಿದಿತ್ತು. ಈ ಸಲ ಮಿಷಿಗನ್ ಸರೋವರದ ದಂಡೆಯ ಮೆಕಾರ್ಮಿಕ್ ಪ್ಲೇಸ್‌ನಲ್ಲಿ ಜನ ಮತ್ತೆ ಮುಖಾಮುಖಿಯಾಗಿ ಸೇರಿದ್ದರು. ಮುಂಬೈಯ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷಗಳಿಂದ ಕೆಲಸ ಮಾಡುತ್ತಿರುವ ಆಕೆಗೆ ಅದು ಎರಡನೆಯ ಸಲದ ಶಿಕಾಗೋ. ಜಾತ್ರೆಯಲ್ಲಿ ತೇರು ಕದಲಿದ ಗಳಿಗೆಗೆ ಈಗೀಗ ಉತ್ತತ್ತಿ ಬಾಳೆಹಣ್ಣಿಗಿಂತ ಮೊದಲು ಮೊಬೈಲುಗಳು ಮೇಲೇಳುತ್ತವೆ. ಮುಖ್ಯವಾದ ಅಂಕಿ ಪರದೆಗೆ ಬಂದಾಗ ಆ ಸಭಾಂಗಣದಲ್ಲಿಯೂ ಹಾಗೆಯೇ ಆಯಿತು. ಆಕೆಯ ಕೈಯೂ ಮೇಲೆದ್ದಿತು.

ಆ ದಿನ, ಜೂನ್ 5ರಂದು, ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಸಂಸ್ಥೆಯ ವೈದ್ಯರು ಮಂಡಿಸಿದ್ದು ಗುದನಾಳದ ಕ್ಯಾನ್ಸರ್ ಕುರಿತ ಪುಟ್ಟದೊಂದು ಅಧ್ಯಯನ. ಡೋಸ್ಟಾರ್ಲಿಮ್ಯಾಬ್ ಎಂಬ ಔಷಧಿಯನ್ನು ಮೂರು ವಾರಕ್ಕೊಮ್ಮೆಯಂತೆ ಆರು ತಿಂಗಳು ಕೊಟ್ಟಿದ್ದರು. ಚಿಕಿತ್ಸೆ ಮುಗಿಸಿದ ಹನ್ನೆರಡು ಮಂದಿಯಲ್ಲಿ ಹನ್ನೆರಡೂ ಮಂದಿಗೆ ಗಡ್ಡೆ ಕಾಣದಂತಾಗಿತ್ತು. ಸ್ಕ್ಯಾನಿನಲ್ಲಿಲ್ಲ, ಎಂಡೋಸ್ಕೋಪಿಯಲ್ಲಿಲ್ಲ, ಬೆರಳಿಗೆ ಸಿಗುತ್ತಿಲ್ಲ. ವಿಕಿರಣ ಬೇಕಾಗಲಿಲ್ಲ, ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಅದೇ ದಿನ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಲೇಖನವೂ ಬಂತು. ಕ್ಯಾನ್ಸರ್ ವೈದ್ಯಕೀಯದಲ್ಲಿ ನೂರಕ್ಕೆ ನೂರು ಎಂಬ ಅಂಕಿ ಕಾಣಸಿಗುವುದಿಲ್ಲ. ಹತ್ತಿಪ್ಪತ್ತು ವರ್ಷ ರೋಗಿಗಳ ಪಕ್ಕ ಕುಳಿತವರಿಗೆ ಅದನ್ನು ಕಂಡು ಗಂಟಲು ಕಟ್ಟಿದರೆ ಆಶ್ಚರ್ಯವಿಲ್ಲ.

ಆದರೆ ಆ ಹನ್ನೆರಡು ಮಂದಿ ಯಾರು ಎಂಬುದು ಅಧ್ಯಯನದ ಹೆಸರಿನಲ್ಲಿಯೇ ಇತ್ತು. ಅವರ ಗಡ್ಡೆಗಳಲ್ಲಿ ಒಂದು ವಿಶೇಷ ದೋಷವಿತ್ತು. ವೈದ್ಯರು ಅದನ್ನು 'ಮಿಸ್‌ಮ್ಯಾಚ್ ರಿಪೇರ್ ಡಿಫಿಷಿಯನ್ಸಿ' ಎನ್ನುತ್ತಾರೆ. ಗುದನಾಳದ ಕ್ಯಾನ್ಸರ್ ಇರುವ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಇರುವ ದೋಷ ಅದು. ಹನ್ನೆರಡೂ ಜನರ ಕಾಯಿಲೆ ದೂರದ ಅಂಗಗಳಿಗೆ ಹರಡಿರಲಿಲ್ಲ. ಯಾರಿಗೂ ಅದಕ್ಕೆ ಮುಂಚೆ ಬೇರೆ ಚಿಕಿತ್ಸೆ ಆಗಿರಲಿಲ್ಲ. ಚಿಕಿತ್ಸೆಯ ನಂತರ ಅವರನ್ನು ಗಮನಿಸಿದ ಅವಧಿ ಕೆಲವರಲ್ಲಿ ಆರೇ ತಿಂಗಳು.

ಇವೆಲ್ಲ ಪರದೆಯ ಮೇಲೆ ಸಣ್ಣ ಅಕ್ಷರಗಳಲ್ಲಿದ್ದವು. ಆಕೆ ಜೂಮ್ ಮಾಡಿದ್ದು ಅಂಕಿಯ ಮೇಲೆ. "ಹನ್ನೆರಡಕ್ಕೆ ಹನ್ನೆರಡು! ನಂಬಲಿಕ್ಕೆ ಆಗುತ್ತಿಲ್ಲ" ಎಂದು ಎರಡು ಮಾತು ಬರೆದು, ಸಮ್ಮೇಳನದ ಹ್ಯಾಶ್‌ಟ್ಯಾಗ್ ಹಾಕಿ ಟ್ವಿಟರ್‌ಗೆ ಏರಿಸಿದಳು. ಅದನ್ನೇ ಹುಬ್ಬಳ್ಳಿಯಲ್ಲಿ ತನ್ನ ಜೊತೆ ಎಂಬಿಬಿಎಸ್ ಓದಿದವರ ವಾಟ್ಸಾಪ್ ಗುಂಪಿಗೂ ಹಾಕಿದಳು. ಅವರೆಲ್ಲ ಡಾಕ್ಟರರೇ. 'ಯಾರಿಗೆ' ಎಂಬುದನ್ನು ಅವರಿಗೆ ಹೇಳಬೇಕಿಲ್ಲ ಎಂದು ಆಕೆಗೆ ಅನ್ನಿಸಿತ್ತು. ಹಾಗೆ ಅನ್ನಿಸಿತ್ತು ಎನ್ನುವುದೂ ಪೂರ್ತಿ ನಿಜವಲ್ಲ. ಆ ಗಳಿಗೆಯಲ್ಲಿ ಆಕೆ ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ತಾನು ಅಲ್ಲಿದ್ದೇನೆ, ಇದನ್ನು ಮೊದಲು ಕಂಡವರಲ್ಲಿ ತಾನೂ ಒಬ್ಬಳು ಎಂಬ ಖುಷಿಯೇ ಮುಂದಿತ್ತು.

ಸಮ್ಮೇಳನಗಳಲ್ಲಿ ವೈದ್ಯರು ಹೀಗೆ ಕುಳಿತಲ್ಲಿಂದಲೇ ಸುದ್ದಿ ಕಳಿಸುವುದು ಬಹಳ ಹಳೆಯ ರೂಢಿಯೇನಲ್ಲ. 2010ರ ಇದೇ ಆಸ್ಕೋ ಸಮ್ಮೇಳನದಿಂದ ಟ್ವೀಟ್ ಮಾಡಿದ ವೈದ್ಯರನ್ನು ಎಣಿಸಿದವರಿಗೆ ಸಿಕ್ಕಿದ್ದು 14 ಮಂದಿ, ಮರುವರ್ಷ 34. ಈಗ ಎಣಿಸುವ ಗೋಜಿಗೇ ಹೋಗಬೇಕಿಲ್ಲ. ನಡುವೆ ತಡೆಯುವ ಪ್ರಯತ್ನಗಳೂ ಆದವು. 2017ರ ಜೂನ್‌ನಲ್ಲಿ ಅಮೆರಿಕದ ಡಯಾಬಿಟೀಸ್ ಸಂಘ ಸ್ಯಾನ್ ಡಿಯಾಗೋದ ತನ್ನ ಸಮ್ಮೇಳನದಲ್ಲಿ, ಪರದೆಯ ಫೋಟೊ ಹಾಕಿದವರಿಗೆಲ್ಲ 'ದಯವಿಟ್ಟು ಅಳಿಸಿ' ಎಂದು ಟ್ವಿಟರ್‌ನಲ್ಲೇ ಬೆನ್ನುಹತ್ತಿ ಕೇಳಿಕೊಂಡಿತು. ಜನ ಸಿಟ್ಟಿಗೆದ್ದರು, ನಕ್ಕರು, ಇನ್ನಷ್ಟು ಹಾಕಿದರು. ಮುಂದಿನ ವರ್ಷ ಸಂಘವೇ ನಿಯಮ ಸಡಿಲಿಸಿತು.

ಆ ಸಿಟ್ಟಿನಲ್ಲಿ ನ್ಯಾಯವಿತ್ತು, ಮತ್ತು ಆಕೆಗೆ ಅದು ಅನುಭವದಿಂದ ಗೊತ್ತು. ಶಿಕಾಗೋಕ್ಕೆ ಹೋಗುವುದೆಂದರೆ ವೀಸಾ, ವಿಮಾನ, ಹೋಟೆಲು, ನೋಂದಣಿ ಶುಲ್ಕ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಅದೆಲ್ಲ ಆಕೆಯ ಕೈಗೆ ನಿಲುಕದ್ದು. ಆಗ ಜೂನ್ ಬಂತೆಂದರೆ ರಾತ್ರಿ ಊಟ ಮುಗಿಸಿ, ಮಾಟುಂಗಾದ ಬಾಡಿಗೆ ಮನೆಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಯಾರೋ ಅಪರಿಚಿತರು ಸಭಾಂಗಣದಿಂದ ಕಳಿಸುತ್ತಿದ್ದ ಫೋಟೊಗಳನ್ನು ನೋಡುತ್ತಿದ್ದಳು. ಅಲ್ಲಿ ಹಗಲು, ಇಲ್ಲಿ ನಡುರಾತ್ರಿ. ಸಂಜೆಯ ಪತ್ರಿಕೆ ಪಕ್ಕದ ಮನೆಗೆ ಬಂದರೆ ಇಡೀ ಬೀದಿಯೇ ಓದುವ ಹಾಗೆ, ಒಬ್ಬರು ಹೋದರೆ ನೂರು ಮಂದಿ ಕಲಿಯುತ್ತಿದ್ದರು. ಬಳ್ಳಾರಿಯಲ್ಲೋ ಲಾತೂರಿನಲ್ಲೋ ಕುಳಿತ ವೈದ್ಯರಿಗೆ ಇವತ್ತಿಗೂ ಅದೇ ಕಿಟಕಿ. ಅದನ್ನು ಮುಚ್ಚಿಬಿಡಿ ಎನ್ನುವವರ ಜೊತೆ ಆಕೆ ಈಗಲೂ ಸೇರುವುದಿಲ್ಲ.

ಕಿಟಕಿಯ ಆಚೆ ಯಾರಿದ್ದಾರೆ ಎಂಬುದು ಈ ವರ್ಷಗಳಲ್ಲಿ ಬದಲಾಗಿತ್ತು. ಆಕೆಯ ಫೋಟೊ ಗುಂಪಿನಿಂದ ಒಬ್ಬ ಗೆಳೆಯನ ಆಸ್ಪತ್ರೆಯ ಗುಂಪಿಗೆ ಹೋಗಿರಬಹುದು. ಅಲ್ಲಿಂದ ಔಷಧಿ ಅಂಗಡಿಯವರ ಗುಂಪು, ಅಲ್ಲಿಂದ ಯಾವುದೋ ಬಡಾವಣೆಯವರ ಗುಂಪು. ದಾರಿಯಲ್ಲಿ ಯಾರೋ ಹಳದಿ ಅಕ್ಷರ ಸೇರಿಸಿದರು. ಐದು ಅಥವಾ ಅದಕ್ಕಿಂತ ಹೆಚ್ಚು ಸಲ ಕೈಬದಲಾಯಿಸಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದೆಂದು ವಾಟ್ಸಾಪ್ 2020ರಲ್ಲಿ ಕಡಿವಾಣ ಹಾಕಿತ್ತು. ಆದರೆ ಪ್ರೀತಿಯ ಮನುಷ್ಯನಿಗೆ ಕಾಯಿಲೆಯಾಗಿದ್ದರೆ ಒಂದೇ ಕಡೆ ಕಳಿಸಿದರೂ ಸಾಕು. ಕಾಕಾಗೆ ಅದನ್ನು ಕಳಿಸಿದ್ದು ಅವರ ಹಳೆಯ ಶಿಷ್ಯ. "ಸರ್, ನಿಮ್ಮ ಸಲುವಾಗಿ" ಎಂದು ಮೇಲೊಂದು ಸಾಲು ಬರೆದಿದ್ದ. ಹೊತ್ತಿಗೆ ಸರಿಯಾಗಿ ಪತ್ರಿಕೆಗಳಲ್ಲಿ, ಟಿವಿಯಲ್ಲಿಯೂ 'ಕ್ಯಾನ್ಸರ್ ಮಾಯ' ಎಂಬ ಸುದ್ದಿ ಬಂದಿತ್ತು. ಡಾಕ್ಟರರಿರುವ ಮನೆಯಲ್ಲೂ ಇಂಥ ಚಿತ್ರವೇ ಗೆದ್ದುಬಿಡುತ್ತದೆ. ಅದು ಕೇಳಬೇಕೆಂದಿದ್ದ ಮಾತನ್ನೇ ಹೇಳುತ್ತಿರುತ್ತದೆ.

ಕಾಕಾ ಕೇಳಬೇಕೆಂದಿದ್ದ ಮಾತು ಒಂದೇ: ಚೀಲ ಬೇಡ. ಅವರ ಗಡ್ಡೆ ಮಲದ್ವಾರಕ್ಕೆ ತೀರ ಹತ್ತಿರವಿತ್ತು. ವಿಕಿರಣ, ಮಾತ್ರೆ ಎಲ್ಲ ಏಪ್ರಿಲ್ ಕೊನೆಗೆ ಮುಗಿದಿದ್ದವು. ಗಡ್ಡೆ ಕುಗ್ಗಿತ್ತು, ಹೋಗಿರಲಿಲ್ಲ. ಜೂನ್ ನಡುವಿನಲ್ಲಿ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿತ್ತು. ಅದಾದ ಮೇಲೆ ಹೊಟ್ಟೆಯ ಎಡಮಗ್ಗುಲಲ್ಲಿ ದಾರಿ ಮಾಡಿ ಚೀಲ ಕಟ್ಟಿಕೊಳ್ಳಬೇಕು, ಇರುವಷ್ಟು ದಿನವೂ. "ಮದಿವ್ಯಾಗ ಪಂಕ್ತಿಗೆ ಕುಂತು ಉಣ್ಣೂದು ಹೆಂಗ? ಮಠಕ್ಕ ಹೋಗೂದು ಹೆಂಗ?" ಎಂದು ಚಿಗವ್ವನ ಮುಂದೆ ಒಂದೇ ಸಲ ಅಂದಿದ್ದರಂತೆ. ಆಮೇಲೆ ಆ ಮಾತು ಎತ್ತಿರಲಿಲ್ಲ. ಫೋನು ಮಾಡಿದಾಗಲೆಲ್ಲ ಆಕೆಗೆ ಹೇಳಿದ್ದು, ತಾರೀಖು ಮುಂದೆ ಹೋಗಿದೆ ಎಂದು. ಆಸ್ಪತ್ರೆಯವರು ಹಾಕಿದರೆಂದು ಆಕೆ ತಿಳಿದಿದ್ದಳು. ಜುಲೈ ಕೊನೆಗೆ ಅವರ ಮಗ ಫೋನು ಮಾಡಿ, "ಅಕ್ಕಾ, ಅಪ್ಪ ಆಪರೇಶನ್ನಿಗೆ ಹೋಗೂದs ಇಲ್ಲ ಅಂತಾರ, ಯಾವುದೋ ಫೋಟೊ ಹಿಡಕೊಂಡು ಕುಂತಾರ" ಎಂದಾಗಲೇ ಆಕೆ ರಜೆ ಹಾಕಿ ಗದಗಿನ ರೈಲು ಹತ್ತಿದ್ದು.

ಪಡಸಾಲೆಯಲ್ಲಿ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಸುಳ್ಳು ಫೋಟೊ ಎಂದುಬಿಡಬಹುದಿತ್ತು, ಕಾಕಾ ನಂಬುತ್ತಿದ್ದರು. ಆದರೆ ಅದು ಸುಳ್ಳಲ್ಲ.

"ಕಾಕಾ, ಈ ಫೋಟೊ ತಗದಾಕಿ ನಾನs" ಎಂದಳು.

ಕಾಕಾ ಅವಳ ಮುಖ ನೋಡಿದರು. "ಹಂಗಂದ್ರ ಖರೇನ ಆತಲ್ಲ?"

ಆಗ ಆಕೆ ಹೇಳಬೇಕಾಗಿ ಬಂತು. ಶಿಕಾಗೋದಲ್ಲಿ ಹೇಳದೆ ಬಿಟ್ಟ ಮಾತೆಲ್ಲವನ್ನೂ. ಮೈಯೊಳಗಿನ ಜೀವಕೋಶ ಎರಡಾಗುವಾಗ ತನ್ನ ಪಾಠವನ್ನೆಲ್ಲ ನಕಲು ಮಾಡಿಕೊಳ್ಳುತ್ತದೆ. ನಕಲಿನಲ್ಲಿ ತಪ್ಪು ಬೀಳುತ್ತದೆ. ತಪ್ಪು ಹುಡುಕಿ ತಿದ್ದಲಿಕ್ಕೆ ಒಳಗೇ ಮಾಸ್ತರುಗಳಿದ್ದಾರೆ, ಕೆಂಪು ಮಸಿಯ ಪೆನ್ನು ಹಿಡಿದವರು. ಕೆಲವರ ಗಡ್ಡೆಯಲ್ಲಿ ಆ ಮಾಸ್ತರೇ ಇಲ್ಲ. ಅಲ್ಲಿ ತಪ್ಪಿನ ಮೇಲೆ ತಪ್ಪು ರಾಶಿ ಬೀಳುತ್ತದೆ. ಎಷ್ಟು ತಪ್ಪೆಂದರೆ, ಇದು ನಮ್ಮದಲ್ಲ ಎಂದು ಮೈಯ ಕಾವಲುಗಾರರಿಗೆ ದೂರದಿಂದಲೇ ಗುರುತು ಸಿಗುತ್ತದೆ. ಆ ಕಾವಲುಗಾರರ ಕೈಗೆ ಗಡ್ಡೆ ಹಾಕಿದ್ದ ಕಟ್ಟನ್ನು ಈ ಔಷಧಿ ಬಿಚ್ಚುತ್ತದೆ, ಉಳಿದ ಕೆಲಸವನ್ನು ಅವರೇ ಮಾಡುತ್ತಾರೆ. ಮಾಸ್ತರು ಇನ್ನೂ ಕೆಲಸದಲ್ಲಿರುವ ಗಡ್ಡೆಗೆ ಈ ಔಷಧಿ ಹೆಚ್ಚೇನೂ ಮಾಡುವುದಿಲ್ಲ.

"ನನ್ನ ಗಡ್ಡ್ಯಾಗ ಮಾಸ್ತರು ಅದಾರೋ ಇಲ್ಲೋ?" ಎಂದು ಕಾಕಾ ಕೇಳಿದರು.

ಆಕೆಗೆ ಗೊತ್ತಿರಲಿಲ್ಲ. ಜನವರಿಯಲ್ಲಿ ಆ ಪರೀಕ್ಷೆ ಮಾಡಿಸಿದ್ದರೂ ಚಿಕಿತ್ಸೆ ಬದಲಾಗುತ್ತಿರಲಿಲ್ಲವೆಂದು ಯಾರೂ ಮಾಡಿಸಿರಲಿಲ್ಲ. ಅವರ ಗಡ್ಡೆಯ ಚೂರು ಮೇಣದ ತುಂಡಿನಲ್ಲಿ ಹುದುಗಿ ಲ್ಯಾಬಿನ ಕಪಾಟಿನಲ್ಲಿತ್ತು. ಮಗ ಅದನ್ನು ಬಿಡಿಸಿಕೊಂಡು, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಆಕೆಯ ಕೈಗೆ ಕೊಟ್ಟ. ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ವಿಜಯಪುರ, ಸೋಲಾಪುರ ದಾಟಿ ಮುಂಬೈ ಮುಟ್ಟುವ ತನಕ ಆಕೆ ಅದನ್ನು ಕೈಚೀಲದಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತಿದ್ದಳು. ರಾತ್ರಿಯ ಒಂದು ಹೊತ್ತಿನಲ್ಲಿ ಪರೀಕ್ಷೆಯ ಫಲ ಕಾಕಾ ಬಯಸಿದ ಹಾಗೆಯೇ ಬಂದುಬಿಟ್ಟರೆ ಎಂದೂ ಯೋಚಿಸಿದಳು. ಡೋಸೊಂದಕ್ಕೆ ಸುಮಾರು 11,000 ಡಾಲರ್ ಎಂದು ಪತ್ರಿಕೆಗಳು ಬರೆದಿದ್ದವು. ಒಂಬತ್ತು ಡೋಸಿಗೆ ಮುಕ್ಕಾಲು ಕೋಟಿ ರೂಪಾಯಿ. ಮಾಸ್ತರರ ಪಿಂಚಣಿ, ಎರಡು ಎಕರೆ ಹೊಲ. ಆ ಲೆಕ್ಕವೂ ಫೋಟೊದಲ್ಲಿರಲಿಲ್ಲ.

ಪರೀಕ್ಷೆಯಲ್ಲಿ ನೋಡುವುದು ನಾಲ್ಕು ಪ್ರೋಟೀನುಗಳನ್ನು. ನಾಲ್ಕೂ ಇದ್ದವು. ಆಕೆ ಫೋನು ಮಾಡಿ, "ಕಾಕಾ, ನಾಲ್ಕೂ ಮಾಸ್ತರು ಡ್ಯೂಟಿ ಮ್ಯಾಲ ಅದಾರ" ಎಂದಳು. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ಜಲ್ಮೆಲ್ಲಾ ಹಾಜರಿ ಹಾಕಿದ್ದಕ್ಕ ಇದು ಬಹುಮಾನ ನೋಡು" ಎಂದು ಸಣ್ಣಗೆ ನಕ್ಕರು. ಆಗಸ್ಟಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಗೊತ್ತಾದ ದಿನಕ್ಕಿಂತ ಎರಡು ತಿಂಗಳು ತಡವಾಗಿ. ತೆಗೆದ ಗಂಟುಗಳಲ್ಲಿ ಒಂದರಲ್ಲಿ ಕ್ಯಾನ್ಸರ್ ಇತ್ತು. ಅದು ಜೂನ್‌ನಲ್ಲಿಯೂ ಇತ್ತೇ, ಆ ಎರಡು ತಿಂಗಳಲ್ಲಿ ಬಂತೇ ಎಂದು ಯಾವ ವೈದ್ಯರೂ ಹೇಳಲಾರರು. ಆಕೆಯೂ ಹೇಳಲಾರಳು. ಉತ್ತರವಿಲ್ಲದ ಆ ಪ್ರಶ್ನೆ ಆಕೆಯ ಪಾಲಿಗೆ ಉಳಿಯಿತು.

ನಿಯಮದ ಪುಸ್ತಕ ತೆರೆದರೆ ಆಕೆ ಮಾಡಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ವೈದ್ಯರ ನಡವಳಿಕೆಯ ಹೊಸ ನಿಯಮಗಳನ್ನು ಹೊರಡಿಸಿದಾಗ ಅದರಲ್ಲಿ ಸಾಮಾಜಿಕ ಜಾಲತಾಣಕ್ಕೆಂದೇ ಒಂದು ಭಾಗವಿತ್ತು: ರೋಗಿಗಳ ಚಿತ್ರ ಹಾಕಬಾರದು, ಲೈಕು ಫಾಲೋವರ್‌ಗಳನ್ನು ದುಡ್ಡು ಕೊಟ್ಟು ಕೊಳ್ಳಬಾರದು, ರೋಗಿಗಳಿಂದ ಹೊಗಳಿಕೆ ಬರೆಸಿಕೊಂಡು ಹಾಕಬಾರದು. ಬೇರೆ ಅಂಶಗಳ ಮೇಲೆ, ಮುಖ್ಯವಾಗಿ ಜೆನೆರಿಕ್ ಔಷಧಿಗಳನ್ನೇ ಬರೆಯಬೇಕೆಂಬ ಕಟ್ಟಳೆಯ ಮೇಲೆ, ಗದ್ದಲವೆದ್ದು ಅದೇ ತಿಂಗಳಲ್ಲಿ ಆ ನಿಯಮಗಳನ್ನೆಲ್ಲ ತಡೆಹಿಡಿಯಲಾಯಿತು. ಜಾರಿಯಲ್ಲಿದ್ದರೂ ಆಕೆಗೆ ಅವು ತಾಗುತ್ತಿರಲಿಲ್ಲ. ಆಕೆ ರೋಗಿಯ ಚಿತ್ರ ಹಾಕಲಿಲ್ಲ, ಸುಳ್ಳು ಹೇಳಲಿಲ್ಲ, ಏನನ್ನೂ ಮಾರಲಿಲ್ಲ. ನಿಜವನ್ನೇ ಕಳಿಸಿದಳು, ಅರ್ಧ ಕಳಿಸಿದಳು.

ಆ ಸಮ್ಮೇಳನದ ತನ್ನ ಫೋಟೊಗಳನ್ನು ಆಕೆ ಆಮೇಲೊಮ್ಮೆ ತಿರುವಿಹಾಕಿದಳು. ಅಲ್ಲಿ ಇರಬೇಕಾಗಿದ್ದು, ಇಲ್ಲದ್ದು ಇನ್ನೊಂದಿತ್ತು. ಆಕೆಯ ಊರಾದ ಮುಂಬೈಯದೇ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಅದೇ ಸಮ್ಮೇಳನದಲ್ಲಿ ಒಂದು ಅಧ್ಯಯನ ಮಂಡಿಸಿದ್ದರು. ಬಾಯಿ, ಗಂಟಲಿನ ಕ್ಯಾನ್ಸರ್ ಮುಂದುವರಿದವರಿಗೆ ನಿವೋಲುಮ್ಯಾಬ್ ಎಂಬ, ಇದೇ ಬಳಗದ ದುಬಾರಿ ಔಷಧಿಯನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದ್ದರು. ರೂಢಿಯಲ್ಲಿರುವುದು ಎರಡು ವಾರಕ್ಕೊಮ್ಮೆ 240. ಮಾತ್ರೆಗಳ ಅಗ್ಗದ ಚಿಕಿತ್ಸೆಯ ಜೊತೆಗೆ ಈ ಕಿರುಡೋಸು ಸೇರಿದಾಗ, ಒಂದು ವರ್ಷ ಬದುಕಿ ಉಳಿದವರು ನೂರಕ್ಕೆ 16ರಿಂದ 43ಕ್ಕೆ ಏರಿದ್ದರು. 151 ಮಂದಿಯ ಅಧ್ಯಯನ. ಬಡ ದೇಶಗಳಲ್ಲಿ ಪೂರ್ಣ ಚಿಕಿತ್ಸೆ ಎಟಕುವುದು ನೂರರಲ್ಲಿ ಒಂದರಿಂದ ಮೂರು ಮಂದಿಗೆ ಎಂದು ಅದನ್ನು ಬರೆದವರೇ ಹೇಳಿದ್ದರು. ಗುಟ್ಕಾ ತಿಂದು ಬಾಯಿ ತೆರೆಯಲಾಗದೆ ಆಕೆಯ ಮುಂದೆ ಬಂದು ಕೂರುವ ಗದಗ, ಕೊಪ್ಪಳ, ಸಾಂಗ್ಲಿಯ ಜನರಿಗೆ ಆ ಜೂನ್‌ನಲ್ಲಿ ಶಿಕಾಗೋದಿಂದ ಬಂದ ಸುದ್ದಿಯೆಂದರೆ ಅದೇ. ಆಕೆ ಅದರ ಫೋಟೊ ತೆಗೆದಿರಲಿಲ್ಲ. ನೂರಕ್ಕೆ ನಲವತ್ತಮೂರು ಎಂಬ ಅಂಕಿಗೆ ಕೈ ತಾನಾಗಿ ಮೇಲೇಳುವುದಿಲ್ಲ. ಉಳಿದ ಐವತ್ತೇಳು ಮಂದಿಯ ಮಾತನ್ನೂ ಆಡಬೇಕಾಗುತ್ತದೆ.

ಎರಡು ವರ್ಷದ ನಂತರ, 2024ರ ಜೂನ್‌ನಲ್ಲಿ, ನ್ಯೂಯಾರ್ಕಿನವರು ಮತ್ತೆ ಅದೇ ಸಮ್ಮೇಳನಕ್ಕೆ ಬಂದರು. ಈಗ ಹನ್ನೆರಡಲ್ಲ, ಚಿಕಿತ್ಸೆ ಮುಗಿಸಿದವರು 42 ಮಂದಿ. ನಲವತ್ತೆರಡಕ್ಕೆ ನಲವತ್ತೆರಡು. ಆ ಔಷಧಿ ಸುಳ್ಳಾಗಲಿಲ್ಲ, ಆ ಫೋಟೊವೂ ಸುಳ್ಳಾಗಲಿಲ್ಲ. ಆಕೆ ಆ ವರ್ಷ ಮುಂಬೈಯಲ್ಲಿದ್ದಳು. ಯಾರೋ ಸಭಾಂಗಣದಿಂದ ಕಳಿಸಿದ ಚಿತ್ರ ಮಧ್ಯರಾತ್ರಿ ಫೋನಿಗೆ ಬಂತು, ಹಿಂದೆ ಬರುತ್ತಿದ್ದ ಹಾಗೆಯೇ. ಬೆಳಗಾಗುವುದರೊಳಗೆ ಹಳದಿ ಅಕ್ಷರದವರು ಎದ್ದುಬಿಡುತ್ತಾರೆಂದು ಆಕೆಗೆ ಗೊತ್ತಿತ್ತು. ಅವರಿಗಿಂತ ಮೊದಲು ತಾನೇ ಕನ್ನಡದಲ್ಲಿ ಬರೆದಳು: ನಲವತ್ತೆರಡು ಮಂದಿಗೂ ಗಡ್ಡೆ ಹೋಗಿದೆ ಎಂದು ಮೊದಲ ಸಾಲು. ಔಷಧಿಯ ಹೆಸರು, ಕೊಡುವ ರೀತಿ, ಬೆಲೆ. ಈ ದೋಷವಿರುವುದು ನೂರರಲ್ಲಿ ಐದರಿಂದ ಹತ್ತು ಮಂದಿಗೆ, ನಿಮಗಿದೆಯೇ ಎಂದು ಪರೀಕ್ಷೆ ಮಾಡಿಸದೆ ನಡೆಯುತ್ತಿರುವ ಚಿಕಿತ್ಸೆ ನಿಲ್ಲಿಸಬೇಡಿ ಎಂದು ಕೊನೆಯ ಸಾಲು.

ಎಲ್ಲಿಗೂ ಹಾಕುವ ಮೊದಲು ಅದನ್ನು ಕಾಕಾಗೆ ಕಳಿಸಿದಳು. ಅವರು ಬೆಳಿಗ್ಗೆ ಐದಕ್ಕೇ ಏಳುವವರು. ಚೀಲ ಬದಲಾಯಿಸಿಕೊಂಡು, ಸ್ನಾನ ಮುಗಿಸಿ, ಚಹಾಕ್ಕೆ ಮೊದಲು ಫೋನು ನೋಡುತ್ತಾರೆ. ವರ್ಷಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬರುತ್ತಾರೆ. ಕಳೆದ ಶ್ರಾವಣದಲ್ಲಿ ಮದುವೆಯೊಂದರ ಪಂಕ್ತಿಯಲ್ಲಿ, ಸಾಲಿನ ತುದಿಯ ಜಾಗ ಹಿಡಿದು, ಕುಳಿತು ಉಂಡುಬಂದಿದ್ದರು.

ಆರು ಗಂಟೆಗೆ ಉತ್ತರ ಬಂತು. ಆಕೆ ಬರೆದದ್ದನ್ನು ಕಾಕಾ ಕಾಗದಕ್ಕೆ ಇಳಿಸಿ, ಕೆಂಪು ಪೆನ್ನಿನಿಂದ ಒಂದೇ ಒಂದು ತಿದ್ದುಪಡಿ ಮಾಡಿ, ಅದರ ಫೋಟೊ ತೆಗೆದು ಕಳಿಸಿದ್ದರು. ಕೊನೆಯ ಸಾಲಿಗೆ ಸುತ್ತು ಹಾಕಿ, ಬಾಣ ಎಳೆದು, ಅದನ್ನು ಎಲ್ಲಕ್ಕಿಂತ ಮೇಲಕ್ಕೆ ಒಯ್ದಿದ್ದರು. ಪಕ್ಕದಲ್ಲಿ ಮಾಸ್ತರರ ಉರುಟು ಅಕ್ಷರ: "ಯಾರಿಗೆ ಅನ್ನೋದು ಮೊದಲು ಬರಲಿ. ಓದುವವರು ಕೊನೀತನಕ ಓದೂದಿಲ್ಲ. ನಾನೂ ಓದಿರಲಿಲ್ಲ."